ಅರ್ಧಕ್ಕೆ ನಿಂತ ಬಿ.ಎ.

ಅನಂತಪುರದಲ್ಲಿ ಗಂಗಾ ಎನ್ನುವ ಹೆಂಗಸರು ಹಲವರಿದ್ದಾರೆ. ಕುರಿಗಾರ ಲಕ್ಷ್ಮಣನ ಹೆಂಡತಿಯನ್ನು ಮಾತ್ರ ಜನ ‘ಬಿ.ಎ. ಗಂಗಾ’ ಎನ್ನುತ್ತಿದ್ದರು. ಮದುವೆಯಾಗಿ ಬಂದಾಗ ಅವಳು ಅಥಣಿಯ ಕಾಲೇಜಿಗೆ ಹೋಗುತ್ತಿದ್ದಳು. ಮಗಳು ಹೊಟ್ಟೆಯಲ್ಲಿದ್ದಾಗ, ಎರಡನೆಯ ವರ್ಷದ ನಡುವೆ, ಹೋಗುವುದನ್ನು ಬಿಟ್ಟಳು. ಬಿಟ್ಟೆನೆಂದು ಕಾಲೇಜಿಗೂ ತಿಳಿಸಲಿಲ್ಲ, ಊರಿಗೂ ಹೇಳಲಿಲ್ಲ. ಹೆರಿಗೆಗೆ ತವರಿಗೆ ಹೋದವಳು ಅಲ್ಲಿಂದಲೇ ಓದು ಮುಗಿಸಿದಳೆಂದುಕೊಂಡು ಊರು ತನ್ನಷ್ಟಕ್ಕೆ ತಾನೇ ಅವಳನ್ನು ಪಾಸು ಮಾಡಿಬಿಟ್ಟಿತು. ನಾದಿನಿಯ ಮದುವೆ ಮಾತುಕತೆಗೆ ಬೀಗರು ಬಂದಾಗ ಅತ್ತೆ ತಾರವ್ವ, "ನಮ್ಮ ಸೊಸಿ ಬಿ.ಎ. ಆಗ್ಯಾಳ್ರಿ" ಎಂದು ಎದೆಯುಬ್ಬಿಸಿ ಹೇಳಿದಳು. ಗಂಗಾ ಒಳಗೆ ಚಹಾ ಸೋಸುತ್ತಿದ್ದಳು. ಹೊರಗೆ ಬಂದು ತಿದ್ದಲಿಲ್ಲ.

ಅದಾಗಿ ಎಷ್ಟೋ ವರ್ಷ ಯಾರೂ ಅದನ್ನು ಕೆದಕಲಿಲ್ಲ. ಒಂದು ಬೇಸಿಗೆಯಲ್ಲಿ ಹೆಂಗಸರ ಸಂಘಕ್ಕೆ ಲೆಕ್ಕಪತ್ರ ನೋಡಲು ಡಿಗ್ರಿ ಆದವಳೊಬ್ಬಳು ಬೇಕಾದಳು. ಎಲ್ಲರೂ ಒಂದೇ ಬಾಯಲ್ಲಿ ಗಂಗಾಳ ಹೆಸರು ಹೇಳಿದರು. ಕುರಿಯ ಹಿಂದೆ ತಿರುಗುವವಳಿಗೆ ಪುರುಸೊತ್ತಿಲ್ಲ ಎಂದು ನೆಪ ಹೇಳಿ ತಪ್ಪಿಸಿಕೊಂಡಳು. ಆದರೆ ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು, ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದು ನಿಲ್ಲುವಳು.

"ಏನಾಗೇತಿ ನಿನಗ? ಮೈಯಾಗ ಇರಿವಿ ಬಿಟ್ಟಂಗ ಮಾಡಾಕತ್ತಿಯಲ್ಲ" ಎಂದಳು ತಾರವ್ವ.

"ಏನಿಲ್ಲ ಅತ್ತಿ, ಅಥಣಿಗೆ ಹೋಗಿ ಬರ್ತೀನಿ" ಎಂದು ಗಂಗಾ ಬಸ್ಸು ಹತ್ತಿದಳು.

ಕಾಲೇಜಿನ ಕಚೇರಿಯಲ್ಲಿ ಅಣ್ಣಾಸಾಬ ಎಂಬ ಗುಮಾಸ್ತರಿದ್ದರು. ಸಾವಧಾನದ ಮನುಷ್ಯ. ಗಂಗಾ ತನ್ನ ಹಳೆಯ ಅಂಕಪಟ್ಟಿಗಳನ್ನು ಮುಂದಿಟ್ಟು, ನಿಂತಲ್ಲಿಂದಲೇ ಮುಂದುವರಿಸುತ್ತೇನೆ ಎಂದಳು. ಅವರು ಅವುಗಳನ್ನು ನೋಡಿ ಮೆಲ್ಲಗೆ ತಿರುಗಿಸಿ ಇಟ್ಟರು.

"ಮೂರು ವರ್ಸದ ಕೋರ್ಸ್ ಆರು ವರ್ಸದಾಗ ಮುಗಸಬೇಕ್ರಿ ಅಕ್ಕಾರ. ನಡುವ ಬಿಟ್ಟು ಬಂದವರನ್ನ ಅಷ್ಟರೊಳಗ ಇದ್ರ ಮತ್ತ ತಗೋತೀವಿ. ನಿಮ್ಮದು ದಾಟಿ ಹೋಗೇತಿ. ಸಿಲಬಸ್ಸೂ ಬದಲಾಗೇತಿ."

"ಹಂಗಾರ ನಾ ಪಾಸ್ ಮಾಡಿದ್ದು?"

"ಪಾಸ್ ಮಾಡಿದ್ದು ಸುಳ್ಳಲ್ರಿ. ಆದ್ರ ಡಿಗ್ರಿ ಲೆಕ್ಕಕ್ಕ ಬರಾಂಗಿಲ್ಲ. ಬೇಕಂದ್ರ ಹಳೇ ಪ್ರವೇಶ ರದ್ದು ಮಾಡ್ರಿ ಅಂತ ಬರದು ಕೊಟ್ಟು, ಮೊದಲನೇ ವರ್ಸಕ್ಕ ಹೊಸದಾಗಿ ಸೇರಬೇಕು."

ರದ್ದು ಎಂಬ ಮಾತು ಗಂಗಾಳಿಗೆ ಚುರುಕ್ಕೆಂದಿತು. ಮದುವೆಗೆ ಮುಂಚೆ ಬರೆದ ಆ ಪರೀಕ್ಷೆಗಳಿಗೆ ಅವಳ ಅಪ್ಪ ಭೀಮಸಿ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದು ಬಿಡುತ್ತಿದ್ದ. ಪರೀಕ್ಷೆ ಮುಗಿಯುವ ತನಕ ಕಾಲೇಜಿನ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕಾಯುತ್ತಿದ್ದ. ಅಪ್ಪ ಈಗಿಲ್ಲ. ಅವನು ಕಾದದ್ದನ್ನೂ ರದ್ದು ಮಾಡಿರಿ ಎಂದು ತಾನೇ ಬರೆದುಕೊಡಬೇಕೇ?

ಅವಳು ತಕ್ಷಣ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದಳು. ಮರುದಿನ ಚಿಕ್ಕೋಡಿಯ ಕಾಲೇಜಿಗೆ ಹೋಗಿ ಕೇಳಿದಳು. ಇನ್ನೊಂದು ದಿನ ಬೆಳಗಾವಿಗೇ ಹೋಗಿ ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ಸಾಲು ನಿಂತಳು. ಎಲ್ಲ ಕಡೆ ಅದೇ ಉತ್ತರ, ಹೇಳುವ ಧಾಟಿ ಬೇರೆ. ಕೊನೆಗೆ ಮತ್ತೆ ಅಣ್ಣಾಸಾಬರ ಮುಂದೆಯೇ ಬಂದು ನಿಂತಳು. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಅವರು, "ಮರಾಠಿಯಿಂದ ಕನ್ನಡಕ್ಕ ಅನುವಾದ ಕಲಸೂ ಸರ್ಟಿಫಿಕೇಟ್ ಕೋರ್ಸ್ ಐತ್ರಿ. ವಯಸ್ಸಿನ ತೊಡಕಿಲ್ಲ, ಪಿಯುಸಿ ಇದ್ರ ಸಾಕು. ಆದ್ರ ಅದು ಡಿಗ್ರಿ ಅಲ್ಲ" ಎಂದರು.

ಗಂಗಾ ಸೇರಿಕೊಂಡಳು. ಶನಿವಾರ, ಭಾನುವಾರ ಪಾಠ. ಕಲಿಸುವವರು ಬ್ರಾಹ್ಮಿ ಎಂಬ ಚಿಕ್ಕ ವಯಸ್ಸಿನ ಉಪನ್ಯಾಸಕಿ. ಕುರಿ ಹೊಡೆದುಕೊಂಡು ಮಿರಜ, ಸಾಂಗಲಿ ಕಡೆ ತಿರುಗಿದ ಗಂಗಾಳಿಗೆ ಮರಾಠಿ ನಾಲಿಗೆಯ ಮೇಲಿತ್ತು, ಬರವಣಿಗೆ ಮಾತ್ರ ಎಡವುತ್ತಿತ್ತು. ಅವಳಿಗೆ ಅದು ಹಿಡಿಸಿತು. ಆದರೂ ಗ್ರಂಥಾಲಯದಲ್ಲಿ, "ಸರ್ಟಿಫಿಕೇಟ್‌ದವರಿಗೆ ಪುಸ್ತಕ ಮನಿಗೆ ಕೊಡೂದಿಲ್ಲ, ಇಲ್ಲೇ ಕುಂತು ಓದ್ರಿ" ಎಂದಾಗ, ಕಾಲೇಜಿನ ಒಳಗಿದ್ದೂ ಪಡಸಾಲೆಯಲ್ಲೇ ನಿಂತಿದ್ದೇನೆ ಅನಿಸುತ್ತಿತ್ತು.

ದೀಪಾವಳಿಯ ಹೊತ್ತಿಗೆ ಕುರಿಗಳು ಈಯತೊಡಗಿದವು. ಲಕ್ಷ್ಮಣ ಹಿಂಡಿನೊಂದಿಗೆ ಕಾಗವಾಡದ ಆಚೆ ಬೀಡುಬಿಟ್ಟಿದ್ದ. "ಮರಿ ಹಿಡಿಯಾಕ ಕೈ ಸಾಲವಲ್ದು, ಬಾ" ಎಂದು ಫೋನು ಮಾಡಿದ. ಹೋದಳು. ಅಲ್ಲಿ ಎಳೆಮರಿಗಳಿಗೆ ಹಾಲೂಡಿಸುವಾಗ ಪಾಠ ನೆನಪಾಗುತ್ತಿತ್ತು. ಓಡಿಬಂದು ಪಾಠದಲ್ಲಿ ಕೂತರೆ ಮರಿಗಳ ಕೂಗು ಕೇಳುತ್ತಿತ್ತು. ಎರಡೂ ಕಡೆ ಅರೆಮನಸ್ಸು. ಕೋರ್ಸಿನ ಕೊನೆಗೆ ಬ್ರಾಹ್ಮಿ ಅವಳನ್ನು ಪಕ್ಕಕ್ಕೆ ಕರೆದರು.

"ಗಂಗಕ್ಕ, ನಿಮ್ಮ ಹಾಜರಾತಿ ಭಾಳ ಕಡಿಮಿ ಬಿದ್ದೈತ್ರಿ. ಪರೀಕ್ಷೆಗೆ ಕುಂದರಸಾಕ ಬರಾಂಗಿಲ್ಲ. ನಾ ಕೇಳಿ ನೋಡಿದೆ, ಆಗಲಿಲ್ಲ."

ಗಂಗಾ ತಲೆ ಅಲ್ಲಾಡಿಸಿದಳು. ಆಮೇಲೆ, ಯಾರಿಗೂ ಹೇಳದ ಮಾತು ತಾನೇ ಬಾಯಿಂದ ಹೊರಬಿತ್ತು. "ನಮ್ಮೂರಾಗ ನನ್ನ ಬಿ.ಎ. ಅಂತಾರ್ರಿ ಮೇಡಂ. ನಾ ಆಗಿಲ್ಲ. ಇಷ್ಟು ವರ್ಸ ಸುಮ್ಮನ ಅನಿಸ್ಕೊಂಡೀನಿ."

ಬ್ರಾಹ್ಮಿ ಹಾಜರಿ ಪುಸ್ತಕ ಮುಚ್ಚಿದರು. "ಹಂಗಾದ್ರ ನಿಮಗ ಬೇಕಾಗಿದ್ದು ಇದಲ್ರಿ. ಜೂನಿನ್ಯಾಗ ಹೊಸದಾಗಿ ಸೇರ್ರಿ" ಎಂದರು.

"ಅದಕ್ಕ ಹಳೇದು ರದ್ದು ಮಾಡಬೇಕಲ್ರಿ."

"ಪ್ರವೇಶ ರದ್ದಾಗತೈತ್ರಿ. ಓದಿದ್ದು ಎಲ್ಲಿ ಹೋಗತೈತಿ?"

ಊರಿಗೆ ಬಂದವಳೇ ಗಂಗಾ ತಾರವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ತಾರವ್ವ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈ ನಿಂತಿತು. "ಬೀಗರ ಮುಂದ ನನ್ನ ಸುಳ್ಳಿ ಮಾಡಿದಿ" ಎಂದು ಅಷ್ಟೇ ಅಂದು, ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮುಂದಿನ ಕೆಲವು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಮೊಮ್ಮಗಳ ಕಡೆಯಿಂದ ಹೇಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಿದ್ದರು. ಅಲ್ಲಿದ್ದ ರುಕ್ಮವ್ವ, ಬ್ಯಾಂಕಿನ ಯಾವುದೋ ಕಾಗದ ಓದಿಸಬೇಕು, ಬಿ.ಎ. ಗಂಗಾ ಇದ್ದರೆ ಸಾಕು ಎಂದಳು. ತಾರವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ಆಕಿ ಬಿ.ಎ. ಆಗಿಲ್ಲ. ನಾನ ತಿಳೀದ ಹೇಳಿಕೋತ ಅಡ್ಡಾಡೀನಿ. ಈಗ ಆಗಾಕ ಹೊಂಟಾಳ. ಕಾಗದಾ ಕೊಡು, ಓದಾಕ ಬರತೈತಿ ಆಕಿಗೆ."

ಗಿರಣಿಯ ಸದ್ದಿನಲ್ಲೂ ಒಂದಿಬ್ಬರು ನಕ್ಕದ್ದು ಕೇಳಿಸಿತು. ಗಂಗಾಳಿಗೆ ಮುಖವೆಲ್ಲ ಬಿಸಿಯಾಯಿತು. ಭೂಮಿಗಿಳಿದು ಹೋಗಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಎದೆಯ ಮೇಲಿಂದ ಯಾರೋ ಕೈ ತೆಗೆದಂತೆಯೂ ಆಯಿತು. ಕಾಗದ ತೆಗೆದುಕೊಂಡು ಓದಿ ಹೇಳಿದಳು.

ಜೂನ್ ತಿಂಗಳಲ್ಲಿ ಅಣ್ಣಾಸಾಬರ ಮೇಜಿನ ಮುಂದೆ ನಿಂತು, ತನ್ನ ಹಳೆಯ ಪ್ರವೇಶವನ್ನು ರದ್ದುಗೊಳಿಸಬೇಕೆಂದು ಬರೆದಳು. ಸಹಿ ಮಾಡುವ ಮೊದಲು ಒಮ್ಮೆ ಕಿಟಕಿಯಾಚೆಯ ಬೇವಿನ ಮರ ನೋಡಿದಳು. ಹಿಂದೆ ಹುಡುಗರ ಸಾಲು ಬೆಳೆಯುತ್ತಿತ್ತು. ಮಾಡಿಬಿಟ್ಟಳು. ಲಕ್ಷ್ಮಣನೂ ಒಂದು ಮಾತು ಕೊಟ್ಟಿದ್ದ: "ಈ ಸಲ ಈಯೂ ಹೊತ್ತಿಗೆ ನಾನು, ಮಲಕಾರಿ ನೋಡ್ಕೋತೀವಿ. ನಿನ್ನ ಕರ್ಯಾಂಗಿಲ್ಲ." ಮಲಕಾರಿ ಅವನ ಚಿಕ್ಕಪ್ಪನ ಮಗ.

ಓದು ಸಲೀಸಾಗಿ ನಡೆಯಿತು ಎಂದೇನಲ್ಲ. ತನ್ನ ಮಗಳಿಗಿಂತ ತುಸುವೇ ದೊಡ್ಡವರ ನಡುವೆ ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. ಇತಿಹಾಸದಲ್ಲಿ ಹಿಂದೆ ಓದಿದ್ದೇ ಬಂದರೆ ತಾಳ್ಮೆ ತಪ್ಪುತ್ತಿತ್ತು, ಅರ್ಥಶಾಸ್ತ್ರದ ಹೊಸ ಪಾಠ ಬಂದರೆ ದಿಗಿಲು. ಮಳೆ ಮೋಡ ಕವಿದ ದಿನ, ಹಿಂಡು ಎಲ್ಲಿದೆಯೋ ಎಂದು ಕಿಟಕಿಯ ಕಡೆಗೇ ಕಣ್ಣು. ಆದರೆ ಎದ್ದು ಹೋಗಲಿಲ್ಲ. ಹಾಜರಾತಿ ತುಂಬಿತು.

ಮೊದಲ ವರ್ಷದ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಮನೆಗೂ ಹೋಗದೆ ಕಾಗವಾಡದ ಬಸ್ಸು ಹತ್ತಿದಳು. ಕಬ್ಬು ಕಡಿದ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಲಕ್ಷ್ಮಣ ಕಂಬಳಿ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ.

"ಹೆಂಗ ಆತು?"

"ಅರ್ಥಶಾಸ್ತ್ರ ಹೋಗೇತಿ ಅನಸತೈತಿ. ಉಳದದ್ದು ಬರದೀನಿ."

"ಮತ್ತ?"

"ಅದೊಂದು ಪೇಪರ್ ಮತ್ತ ಕಟ್ಟೂದು. ಅದಕ್ಕ ರೂಲ್ ಐತಿ."

ಅವನು ನಕ್ಕು, ನಾಳೆ ಹಿಂಡನ್ನು ಹೊಳೆಯ ದಂಡೆಗೆ ಇಳಿಸಬೇಕು ಎಂದ. ಎಷ್ಟು ಹೊತ್ತಿಗೆ ಎಂದು ಗಂಗಾ ಕೇಳಿದಳು. ಕೇಳುತ್ತಲೇ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂಡಿನಿಂದ ದೂರ ಸರಿದಿದ್ದ ಒಂದು ಕುರಿಯ ಕಡೆಗೆ ನಡೆದಳು.