ಎಲ್ಲಿ ಹರಿತೈತಿ, ಹೇಳು

ಇವತ್ತು ಬೆಳಿಗ್ಗೆ ಕುದಿನೀರು ಬಿದ್ದ ಜೋಳದ ಹಿಟ್ಟಿನ ವಾಸನೆ ನನ್ನ ಅಡುಗೆಮನೆ ತುಂಬಿತು. ಜೊತೆಗೇ ಹಳೆಯ ಮಾತೊಂದು ಕಿವಿಗೆ ಬಂತು: "ನರ್ಸ್ ಆಗೂದು ನಿನ್ನ ಕೈಲೆ ಆಗಂಗಿಲ್ಲ ತಂಗಿ." ಹಾಗೆಂದದ್ದು ಯಾರೋ ಆಗದವರಲ್ಲ, ಗೋಡೆಯಾಚೆಯ ಅಜ್ಜಿ.

ನಾಟಿಂಗ್‌ಹ್ಯಾಮಿನ ನಮ್ಮ ಮನೆಸಾಲಿನಲ್ಲಿ ಅಕ್ಕಪಕ್ಕದ ಎರಡು ಮನೆಗೂ ಒಂದೇ ಗೋಡೆ. ಅಜ್ಜಿ ಧಾರವಾಡದ ಕಡೆಯವರು, ಮಗ ಸೊಸೆಯ ಜೊತೆ ಆ ಬದಿಯಲ್ಲಿದ್ದರು. ನಾನು ಮಂಡ್ಯದ ಕಡೆಯವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಕೇರ್ ಹೋಮಿನಲ್ಲಿ ಆರು ವರ್ಷ ವಯಸ್ಸಾದವರ ಮೈ ಒರೆಸಿ, ಮೂವತ್ತೆಂಟಕ್ಕೆ ನರ್ಸಿಂಗ್ ಡಿಗ್ರಿಗೆ ಸೇರಿದೆ. ಎರಡನೇ ವರ್ಷ ಒಂದು ಪರೀಕ್ಷೆಯಲ್ಲಿ ಬಿದ್ದೆ. ರೋಗಿಯ ಪಾತ್ರ ಮಾಡುವವರು ಎದುರು ಕೂತಿರುತ್ತಾರೆ, ಅವರ ಕಾಯಿಲೆಯನ್ನು ಅವರಿಗೆ ತಿಳಿಯುವಂತೆ ಹೇಳಬೇಕು. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸೇ ಹೋಯಿತು.

ಅಭ್ಯಾಸಕ್ಕೆ ಅಜ್ಜಿ ಸಿಕ್ಕರು. ಅವರ ಹೃದಯ ಸೋತಿತ್ತು, ಕಾಲು ಊದಿಕೊಂಡಿದ್ದವು. ನಾನು ಪುಸ್ತಕದಲ್ಲಿದ್ದದ್ದನ್ನೇ ಒಪ್ಪಿಸಿದೆ: "ಹೃದಯ ಅಂದರೆ ಪಂಪ್ ಇದ್ದ ಹಾಗೆ ಅಜ್ಜಿ. ನಿಮ್ಮ ಪಂಪ್ ಸ್ವಲ್ಪ ವೀಕ್ ಆಗಿದೆ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಪಂಪ್ ಕೆಟ್ಟರ ಹೊಸಾದು ಹಾಕ್ತಾರ. ಮೊನ್ನೆ ನಮ್ಮ ಬಾಯ್ಲರಿಗೆ ಹಾಕಿದ್ರು. ನನಗ ಯಾವಾಗ ಹಾಕ್ತಾರ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ... ಮುಖದಲ್ಲಿ ನಿಜವಾದ ಆಸೆ ಇತ್ತು. ಹಾಕುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ನನ್ನ ಕೈಲಿ ಆಗುವುದಿಲ್ಲವೆಂದು ಅವರು ಅಂದದ್ದು ಆಗಲೇ.

ಎರಡು ದಿನ ಆ ಕಡೆ ಹೋಗಲು ಮುಖವಿರಲಿಲ್ಲ. ಮೂರನೇ ದಿನ ಅವರೇ ಗೋಡೆ ಬಡಿದು ಕರೆದರು. ಹೋದರೆ, ಅಂಚು ಸೀಳಿದ ರೊಟ್ಟಿಯೊಂದನ್ನು ಎತ್ತಿ ಹಿಡಿದರು.

"ಅದು ಇದ್ದಂಗ, ಇದು ಇದ್ದಂಗ ಅಂತಿಯಲ್ಲ, ಅದೂ ರೊಟ್ಟಿನ. ದೊಡ್ಡದು ಮಾಡ್ಕೋಂತ ಹೋದ್ರ ಎಲ್ಲೋ ಒಂದು ಕಡೆ ಹರಿತೈತಿ. ಎಲ್ಲಿ ಹರಿತೈತಿ ಅಂತ ಮೊದಲ ನಿನಗ ಗೊತ್ತಿರಬೇಕು."

ಅವರ ತೋಳು ನೋಡಿದೆ. "ಮೊದಲು ಒಂದೇ ಸಲಕ್ಕೆ ಎಷ್ಟು ರೊಟ್ಟಿ ಬಡೀತಿದ್ರಿ?"

"ಮೂವತ್ತು. ಈಗ ನಾಕಕ್ಕ ಸುಸ್ತು."

"ಹೃದಯವೂ ನಿಮ್ಮ ತೋಳಿನ ಹಾಗೇ ಅಜ್ಜಿ. ನಾಲ್ಕು ಬಡಿಯೋ ತೋಳಿಗೆ ಮೂವತ್ತು ರೊಟ್ಟಿ ಹಿಟ್ಟು ಕಲಸಿಟ್ಟರೆ ಮಿಕ್ಕಿದ್ದು ಪರಾತದಲ್ಲೇ ಉಳಿಯುತ್ತೆ. ನಿಮ್ಮ ಕಾಲಲ್ಲಿ ನಿಂತಿರೋ ನೀರು ಅದೇ. ಮಾತ್ರೆ ಆ ಹಿಟ್ಟನ್ನ ಕಡಿಮೆ ಮಾಡುತ್ತೆ. ತೋಳನ್ನ ಹೊಸದು ಮಾಡಲ್ಲ."

ಕಾಲು ನೋಡಿಕೊಂಡರು. "ಎಲ್ಲಿ ಹರಿತೈತಿ, ಹೇಳು."

ಯೋಚಿಸಿದೆ. "ತೋಳು ಸೋತರೆ ಸೊಸೆ ಬಡಿದುಕೊಡ್ತಾರೆ. ಹೃದಯಕ್ಕೆ ಸೊಸೆ ಇಲ್ಲ."

"ನಮ್ಮ ಸೊಸಿ ಬಡಿದ ರೊಟ್ಟಿ ನೀ ತಿಂದಿಲ್ಲ ಬಿಡು," ಎಂದು ನಕ್ಕರು. ಆಮೇಲೆ ಆ ಹರಿದ ರೊಟ್ಟಿಯನ್ನೇ ನನ್ನ ಕೈಗಿಟ್ಟು, "ಹಿಂಗ ಹೇಳಬೇಕವಾ," ಎಂದರು.

ಪರೀಕ್ಷೆಯ ದಿನ ಎದುರು ಕೂತಿದ್ದವರು ಇಲ್ಲಿಯವರೇ, ಒಬ್ಬ ಮುದುಕರು. ಪಾತ್ರದಲ್ಲಿ ಅವರದೂ ಸೋತ ಹೃದಯವೇ. ರೊಟ್ಟಿ ಅವರಿಗೇನು ಗೊತ್ತು? ಮೊದಲು, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ. ಮನೆಮನೆಗೆ ಟಪಾಲು ಹಂಚುತ್ತಿದ್ದರಂತೆ. ನಾಲ್ಕು ಬೀದಿ ನಡೆಯುವ ಕಾಲಿಗೆ ಮೂವತ್ತು ಬೀದಿಯ ಚೀಲ ಕೊಟ್ಟರೆ ಎನ್ನುತ್ತಿದ್ದಂತೆ, ಕಾಗದವೆಲ್ಲ ಆಫೀಸಿನಲ್ಲೇ ಗುಡ್ಡೆ ಬೀಳುತ್ತೆ ಎಂದು ಅವರೇ ಮುಗಿಸಿದರು. ಹೋಲಿಕೆ ಹರಿಯುವ ಜಾಗವನ್ನೂ ಮುಚ್ಚಿಡಲಿಲ್ಲ. ನಿಮ್ಮ ಬೀದಿಗಳಿಗೆ ಬೇರೆಯವರು ಹೋಗಬಹುದು, ಹೃದಯಕ್ಕೆ ಬದಲಿಯಾಳಿಲ್ಲ ಎಂದೆ. ಪಾಸಾದೆ.

ಓಡಿಹೋಗಿ ಅಜ್ಜಿಗೆ ಹೇಳಿದರೆ, "ಮತ್ತ? ನಾ ಆಗಂಗಿಲ್ಲ ಅಂದಿದ್ದು ಆ ಪಂಪಿನಾಕಿಗೆ," ಎಂದುಬಿಟ್ಟರು.

ಮುಂದಿನ ಚಳಿಗಾಲವನ್ನು ಅವರು ದಾಟಲಿಲ್ಲ... ಮಗ ಸೊಸೆ ಮನೆ ಬಿಟ್ಟು ಹೋದರು. ಈಗ ಆಚೆ ಯಾರೋ ಇದ್ದಾರೆ, ಗೋಡೆ ಬಡಿಯುವವರಲ್ಲ. ಅಜ್ಜಿ ಯಾರ ಹಾಗಿದ್ದರು ಎಂದು ಬರೆಯಹೊರಟರೆ ಎಲ್ಲ ಹೋಲಿಕೆಯೂ ಮೊದಲ ಸಾಲಿನಲ್ಲೇ ಹರಿದುಹೋಗುತ್ತದೆ.

ಇವತ್ತು ಮಧ್ಯಾಹ್ನ ಡಿಗ್ರಿ ಪತ್ರ ನನ್ನ ಕೈಗೆ ಬಂತು. ಅದನ್ನು ಊರಿಂದ ಬಂದಿರುವ ಅವ್ವನ ಕೈಗಿಟ್ಟೆ. ಅವ್ವ ಶಾಲೆ ಕಂಡವಳಲ್ಲ. ಸೀರೆಗೆ ಕೈ ಒರೆಸಿಕೊಂಡು ಹಿಡಿದಳು, ನೋಡಿದಳು, ಹಿಂದುಮುಂದು ಮಾಡಿದಳು. ಹೊರಗೆ ಮಳೆ ಹನಿಯುತ್ತಿತ್ತು. ಮಡಚಿ ಚೀಲಕ್ಕೆ ತುರುಕಲು ನಾನು ಕೈ ಚಾಚಿದರೆ ಕೊಡಲಿಲ್ಲ.

"ಮಡಚಬ್ಯಾಡ ಕಣವ್ವ," ಎಂದಳು. "ಮಡಚಿದ ಕಡೆಯೇ ಹರಿಯೋದು."