ಮೂರು ಸಲ ವಾಪಸಾದ ಸ್ಟೂಲು

ಬೀದಿಗೆಲ್ಲ ಅಕ್ಕ ಎನಿಸಿಕೊಂಡವಳನ್ನು ಚಪ್ಪಲಿ ಕಳ್ಳಿ ಅಂತ ತಿಳಿದುಕೊಂಡವರ ಪೈಕಿ ಈ ಬರಹಗಾರನೂ ಒಬ್ಬ. ಬೀದಿಯಲ್ಲಿ ಯಾರ ಮನೆಗೆ ಬಂದರೂ ಆಕೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಹೊರಗೆ ಬಿಟ್ಟ ಜೋಡುಗಳಲ್ಲಿ ಒಂದನ್ನು ಎತ್ತಿ, ಮಗುಚಿ, ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ, ಹೊಲಿಗೆಯನ್ನೊಮ್ಮೆ ಜಗ್ಗಿ ನೋಡಿ, ಇದ್ದಲ್ಲೇ ಇಟ್ಟು ಒಳಗೆ ಬರುತ್ತಿದ್ದಳು. ಆಕೆ ಹೋದ ಮೇಲೆ ಮನೆಯ ಜೋಡುಗಳನ್ನು ಎಣಿಸಿ ನೋಡಿದ್ದೂ ಉಂಟು. ಎಲ್ಲವೂ ಇರುತ್ತಿದ್ದವು. ಅದರಿಂದ ಸಂಶಯವೇನೂ ಕಮ್ಮಿಯಾಗಲಿಲ್ಲ. ಕದಿಯುವಷ್ಟು ಚೆನ್ನಾಗಿಲ್ಲವೇನೋ ಎಂಬ ಅವಮಾನ ಅದರ ಜೊತೆಗೆ ಸೇರಿಕೊಂಡಿತು, ಅಷ್ಟೆ.

ಅದು ಆಕೆಯ ಕೆಲಸದ ಚಾಳಿ ಅಂತ ಗೊತ್ತಾಗಲು ವರ್ಷವೇ ಹಿಡಿಯಿತು. ಆನ್‌ಲೈನಿನಲ್ಲಿ ಸಾಮಾನು ಮಾರುವ ಒಂದು ಹೊಸ ಕಂಪನಿಯ ಗೋದಾಮಿನಲ್ಲಿ, ಗಿರಾಕಿಗಳು ಬೇಡವೆಂದು ವಾಪಸ್ ಕಳಿಸಿದ ಮಾಲನ್ನು ಬಿಚ್ಚಿ ನೋಡುವವಳು ಅಕ್ಕ. ದಿನಕ್ಕೆ ಎಂಟು ಗಂಟೆ ಅದೇ ಕೆಲಸ. ಮಾಲು ಹೊಚ್ಚ ಹೊಸದರಂತೆ ಇದ್ದರೆ ಎ, ಮತ್ತೆ ಕಪಾಟಿಗೆ. ಸ್ವಲ್ಪ ಮಾಸಿದ್ದರೆ ಬಿ, ರಿಯಾಯಿತಿ ಮಾರಾಟಕ್ಕೆ. ಕೆಟ್ಟಿದ್ದರೆ ಸಿ, ಗುಜರಿ ಮೂಲೆಗೆ. ಒಂದೊಂದಕ್ಕೆ ನಾಲ್ಕು ನಿಮಿಷ. ಅಷ್ಟರಲ್ಲಿ ಕಂಪ್ಯೂಟರಿಗೆ ಅಕ್ಷರ ಒತ್ತದಿದ್ದರೆ ಅದು ಕೆಂಪಗಾಗುತ್ತದೆ.

ಮನುಷ್ಯರ ಬಗ್ಗೆ ತಿಳಿಯಬೇಕಾದರೆ ಆ ಮೇಜಿನ ಮುಂದೆ ಒಂದು ವಾರ ಇದ್ದರೆ ಸಾಕು ಅನ್ನುತ್ತಿದ್ದಳು ಅಕ್ಕ. ಮದುವೆಗೆ ಹಾಕಿಕೊಂಡು ಹೋಗಿ, ಕಾಲರಿಗೆ ತಲೆಗೆಣ್ಣೆ ಹತ್ತಿಸಿ, ‘ಸೈಜು ಸರಿಯಿಲ್ಲ’ ಎಂದು ಕಳಿಸಿದ ಅಂಗಿ. ತಳ ಹಿಡಿಸಿಕೊಂಡು ‘ಬಣ್ಣ ಬೇರೆ ಬಂದಿದೆ’ ಎಂದು ಕಳಿಸಿದ ಕುಕ್ಕರ್. ಊರೆಲ್ಲ ಸುತ್ತಿ ಬಂದ ಬೂಟು, ‘ಮನಸ್ಸು ಬದಲಾಯಿತು’. ಅಕ್ಕ ಬಟ್ಟೆಯನ್ನು ಮೂಗಿಗೆ ಹಿಡಿದರೆ ಸಾಕು, ತೊಟ್ಟವರು ಎಷ್ಟು ಹೊತ್ತು ತೊಟ್ಟಿದ್ದರು ಅಂತ ಹೇಳಿಬಿಡುವಳು. ಮನೆಯಲ್ಲಿ ಇಪ್ಪತ್ತು ವರ್ಷ ‘ನಿಂಗೇನು ಗೊತ್ತಾಗುತ್ತೆ ಬಿಡು’ ಅನ್ನಿಸಿಕೊಂಡು, ನಲವತ್ತಮೂರನೇ ವಯಸ್ಸಿಗೆ ಮೊದಲ ಸಲ ಕೆಲಸಕ್ಕೆ ಸೇರಿದವಳಿಗೆ, ತಾನು ಒತ್ತಿದ ಅಕ್ಷರವೇ ಕೊನೆಯ ಮಾತು ಎನ್ನುವುದು ಸಣ್ಣ ಸಂಗತಿಯಲ್ಲ. ಮೂರು ವರ್ಷದಲ್ಲಿ ಒಂದೇ ಒಂದು ಅಕ್ಷರ ತಪ್ಪು ಒತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಸ್ಥಾಪಕ ಕೆಳಗಿಳಿದು ಬಂದ.

ಸ್ಥಾಪಕ ಎಂದರೆ ಕಂಪನಿ ಕಟ್ಟಿದ ಹುಡುಗ, ವಯಸ್ಸು ಇಪ್ಪತ್ತೊಂಬತ್ತು. ಅಲ್ಲಿ ಯಾರೂ ಯಾರನ್ನೂ ಸಾರ್ ಅನ್ನಬಾರದು, ಎಲ್ಲರೂ ಒಂದೇ ಮನೆಯವರು ಎಂಬುದು ನಿಯಮ. ಹೆಸರು ಹಿಡಿದು ಕರೆಯಲು ಅಕ್ಕನಿಗೆ ನಾಲಿಗೆ ಏಳದೆ, ಮನೆಯವರೇ ತಾನೆ ಎಂದು ‘ಮರಿ’ ಎನ್ನುತ್ತಿದ್ದಳು. ಆ ಮರಿ ವಾಪಸಾತಿ ವಿಭಾಗದ ಮೂರು ಮೇಜುಗಳ ಹಿಂದೆ ಮೂವರು ಕೂತಿದ್ದನ್ನು ಕಂಡ. ನಿಂತವರ ತಲೆ ಚುರುಕಾಗಿ ಓಡುತ್ತದೆ ಎಂದು ವಿಮಾನದಲ್ಲಿ ಕೂತು ಎಲ್ಲೋ ಓದಿದ್ದನಂತೆ. ಮಂಗಳವಾರ ಬೆಳಿಗ್ಗೆ ಬಂದರೆ ಕುರ್ಚಿಗಳಿಲ್ಲ.

ಮೇಲಿನ ಮಹಡಿಯ ಕಂಪ್ಯೂಟರಿನವರಿಗೂ ಅದೇ ತತ್ವ ಅನ್ವಯಿಸಿತು ಅನ್ನಿ. ಅವರಿಗೆ ಗುಂಡಿ ಒತ್ತಿದರೆ ಮೇಲೇಳುವ ಮೇಜುಗಳು ಬಂದವು. ಒಂದು ವಾರ ಏರಿಸಿ ಇಳಿಸಿ ಆಟವಾಡಿ, ಆಮೇಲೆ ಇಳಿಸಿಯೇ ಬಿಟ್ಟರು. ಮೇಲಿನವರು ಬೇಕಾದರೆ ನಿಲ್ಲಬಹುದು, ಕೆಳಗಿನವರು ಬೇಡವಾದರೂ ನಿಲ್ಲಬೇಕು. ಒಂದೇ ಮನೆ ಎಂದ ಮೇಲೆ ಇಷ್ಟು ಇದ್ದದ್ದೇ.

ಎರಡು ತಿಂಗಳಿಗೆ ಅಕ್ಕನ ಬಲ ಮಂಡಿ ಊದಿಕೊಂಡು ಹಲಸಿನ ಕಾಯಿಯಾಯಿತು. ಡಾಕ್ಟರು ಒತ್ತಿ ನೋಡಿ, ಹೀಗೇ ನಿಂತರೆ ಆರು ತಿಂಗಳಲ್ಲಿ ಆಪರೇಷನ್ನು, ಕೂತು ಮಾಡುವ ಕೆಲಸ ನೋಡಿಕೊಳ್ಳಿ, ಇಲ್ಲವೇ ಬಿಟ್ಟುಬಿಡಿ ಎಂದರು. ಬಿಡುವ ಮಾತು ಕೇಳಿದ್ದೇ ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದುಬಿಟ್ಟಳು. ಮತ್ತೆ ಅಡುಗೆಮನೆಗೆ ಹೋಗಿ ‘ನಿಂಗೇನು ಗೊತ್ತಾಗುತ್ತೆ’ ಕೇಳಿಸಿಕೊಳ್ಳುವುದೇ? ಬಸ್ ಡ್ರೈವರಾಗಿರುವ ಗಂಡನಿಗೆ ಹೇಳಿದರೆ, ಆತ ಸೊಂಟಕ್ಕೆ ಕೈಕೊಟ್ಟು, ಇಡೀ ದಿನ ಕೂತು ಕೂತು ತನ್ನ ಬೆನ್ನು ಬಿದ್ದುಹೋಗಿದೆ, ನಿಲ್ಲುವವರೇ ಪುಣ್ಯವಂತರು ಎಂದ. ಆವತ್ತು ಆತನ ಊಟದ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿ ಬಿತ್ತೆಂದರೆ, ಮಧ್ಯಾಹ್ನ ಕಂಡಕ್ಟರೂ ಸೇರಿ ತೆಗೆಯಬೇಕಾಯಿತು.

ಕಂಪನಿಯಲ್ಲಿ ಕೇಳುವವರೇ ಇರಲಿಲ್ಲ ಅಂದರೆ ತಪ್ಪಾಗುತ್ತದೆ. ಕೇಳುವುದಕ್ಕೇ ಒಂದು ವಿಭಾಗವಿತ್ತು. ಅದಕ್ಕೆ ಖುಷಿ ವಿಭಾಗ ಎಂದು ಹೆಸರು, ಅದರಲ್ಲಿ ಒಬ್ಬಳೇ ಹುಡುಗಿ. ಪ್ರತಿ ತಿಂಗಳ ಒಂದನೇ ತಾರೀಕು ಎಲ್ಲರ ಮೊಬೈಲಿಗೂ ಪ್ರಶ್ನೆ ಬರುತ್ತಿತ್ತು: ‘ಇಲ್ಲಿ ಕೆಲಸ ಮಾಡುವ ಬಗ್ಗೆ ನಿಮಗೇನನಿಸುತ್ತದೆ?’ ಕೆಳಗೆ ಅಳುವುದರಿಂದ ಹಲ್ಲು ಕಿರಿಯುವವರೆಗೆ ಐದು ಮುಖಗಳು. ಅದರ ಕೆಳಗೆ ಬರೆಯಲು ಜಾಗ. ಹೆಸರು ಹಾಕಬೇಕಿಲ್ಲ, ಬಿಚ್ಚುಮನಸ್ಸಿನಿಂದ ಬರೆಯಿರಿ.

ಪ್ಯಾಕಿಂಗಿನವರು ನಗುವ ಮುಖ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಅಳುವ ಮುಖ ಒತ್ತಿದವರಿಗೆ ‘ಯಾಕೆ?’ ಎಂದು ಇನ್ನೂ ಹನ್ನೆರಡು ಪ್ರಶ್ನೆ ಬರುತ್ತವೆಂದು ಅವರಿಗೆ ಗೊತ್ತಿತ್ತು. ಡೆಲಿವರಿಯವರು ಗಾಡಿ ಓಡಿಸುತ್ತಲೇ ಯಾವುದೋ ಮುಖಕ್ಕೆ ಬೆರಳು ತಾಗಿಸುತ್ತಿದ್ದರು. ಮೇಲಿನವರು ಮಾತ್ರ ತಾವು ಜಗತ್ತಿನ ಶಾಪಿಂಗನ್ನೇ ಬದಲಿಸುತ್ತಿದ್ದೇವೆ ಎಂದು ಪುಟಗಟ್ಟಲೆ ಬರೆಯುತ್ತಿದ್ದರಂತೆ. ಅಕ್ಕ ಎರಡೇ ಪದ ಬರೆದಳು: ಕುರ್ಚಿ ಬೇಕು.

ಮುಂದಿನ ತಿಂಗಳು ಎಲ್ಲರಿಗೂ ಟೀ ಶರ್ಟು ಬಂತು. ಅಕ್ಕ ಮತ್ತೆ ಬರೆದಳು, ಕುರ್ಚಿ ಬೇಕು. ಮೇಲಿನ ಮಹಡಿಗೆ ಒಂದು ಉಯ್ಯಾಲೆ ಬಂತು. ಮೂರನೇ ತಿಂಗಳು, ಮಂಡಿಗೆ ನೋವು, ಕುರ್ಚಿ ಬೇಕು, ಎಂದು ವಿವರವಾಗಿಯೇ ಬರೆದಳು. ಈ ಸಲ ಯಾರೋ ತಜ್ಞರನ್ನು ಕರೆಸಿ ‘ಸರಿಯಾಗಿ ನಿಲ್ಲುವುದು ಹೇಗೆ’ ಎಂದು ಒಂದೂವರೆ ಗಂಟೆ ಭಾಷಣ ಮಾಡಿಸಿದರು. ಅದನ್ನು ಎಲ್ಲರೂ ನಿಂತೇ ಕೇಳಿದರು.

ಅವತ್ತು ಸಂಜೆ ಖುಷಿ ಹುಡುಗಿ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, ಅಕ್ಕ ಬರೆದಿದ್ದು ಮೇಲೆ ತಲುಪಿದೆ ಎಂದು ಹೇಳಿದಳು. ಹೆಸರೇ ಹಾಕಿಲ್ಲವಲ್ಲ, ತಾನೇ ಅಂತ ಹೇಗೆ ಗೊತ್ತಾಯಿತು ಎಂದು ಅಕ್ಕ ಕೇಳಿದಳು. ಹುಡುಗಿ ಪಾಪ, ಇನ್ನೂರು ಜನರಲ್ಲಿ ಏನಾದರೂ ಕೇಳಿದವರು ಅಕ್ಕ ಒಬ್ಬರೇ ಎಂದು ನಿಜವನ್ನೇ ಹೇಳಿ ಹೋದಳು.

ಮನೆಯಿಂದ ಸ್ಟೂಲು ತರೋಣವೆಂದರೆ ಗೇಟಿನ ಕಾವಲುಗಾರ ಬಿಡಲಿಲ್ಲ. ಒಳಗೆ ತರುವುದಕ್ಕೆ ಅಡ್ಡಿಯಿಲ್ಲವಂತೆ. ಆದರೆ ಹೊರಗೆ ಒಯ್ಯುವಾಗ ಅದು ಕಂಪನಿಯದಲ್ಲ ಎಂದು ಹೇಗೆ ನಂಬುವುದು? ಹೊರಗೇ ಒಯ್ಯುವುದಿಲ್ಲ ಮಾರಾಯ ಎಂದರೆ, ಹಾಗಾದರೆ ಅದು ಕಂಪನಿಯ ಮಾಲು, ಪಾರ್ಸೆಲ್ ಗೇಟಿನಿಂದಲೇ ಬರಬೇಕು ಎಂದ.

ಪಾರ್ಸೆಲ್ ಗೇಟು. ಅಕ್ಕನ ತಲೆಯಲ್ಲಿ ಬಲ್ಬು ಹತ್ತಿದ್ದು ಆಗ. ಇದೇ ಕಂಪನಿಯಲ್ಲಿ ಗಿರಾಕಿ ಬಾಯಿ ಬಿಟ್ಟರೆ ಇಪ್ಪತ್ನಾಲ್ಕು ಗಂಟೆಯೊಳಗೆ ಕೆಲಸ ಆಗುತ್ತದೆ. ನೌಕರಳಾಗಿ ಮೂರು ತಿಂಗಳು ಬಾಯಿ ಬಡಿದುಕೊಂಡಿದ್ದೇ ದಡ್ಡತನ. ಊಟದ ಬಿಡುವಿನಲ್ಲಿ ತನ್ನದೇ ಮೊಬೈಲಿನಿಂದ, ತನ್ನದೇ ಕಂಪನಿಯಿಂದ, ಒಂದು ಮರದ ಸ್ಟೂಲಿಗೆ ಆರ್ಡರು ಹಾಕಿದಳು. ವಿಳಾಸ: ವಾಪಸಾತಿ ವಿಭಾಗ, ಮೂರನೇ ಮೇಜು.

ಮೂರು ವರ್ಷ ಅಲ್ಲೇ ದುಡಿದವಳಿಗೆ ಹೊಳೆಯದೆ ಹೋದದ್ದು ಒಂದೇ. ಆ ವಿಳಾಸಕ್ಕೆ ಬಂದದ್ದೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ವಾಪಸ್ ಬಂದ ಮಾಲೇ. ಸ್ಟೂಲು ಬಂತು, ಮೊದಲನೇ ಮೇಜಿಗೆ ಹೋಯಿತು, ಅಲ್ಲಿದ್ದಾಕೆ ನೋಡಿ ಹೊಸದಾಗಿದೆಯಲ್ಲ ಎಂದು ಎ ಒತ್ತಿ ಕಪಾಟಿಗೆ ಕಳಿಸಿದಳು. ಅಕ್ಕನ ಮೊಬೈಲು ಟಿಂಗ್ ಎಂದಿತು: ‘ನಿಮ್ಮ ವಾಪಸಾತಿ ಸ್ವೀಕರಿಸಿದ್ದೇವೆ. ಸ್ಟೂಲು ನಿಮಗೆ ಹಿಡಿಸದೆ ಇದ್ದದ್ದಕ್ಕೆ ವಿಷಾದಿಸುತ್ತೇವೆ.’

ಹಲ್ಲು ಕಚ್ಚಿಕೊಂಡು ಎರಡನೇ ಸಲ ತರಿಸಿದಳು. ಅದು ಸರಿಯಾಗಿ ಅವಳ ರಜೆಯ ದಿನ ಬಂದು, ರಜೆಯ ದಿನವೇ ಹೋಯಿತು. ವಿಷಾದ ಮನೆಗೇ ಬಂತು.

ಮೂರನೇ ಸಲ ಪುಣ್ಯಕ್ಕೆ ಅವಳ ಮೇಜಿಗೇ ಬಂತು. ಬಿಚ್ಚಿದಳು. ನಾಲ್ಕು ಕಾಲು, ಎಳ್ಳಷ್ಟೂ ಅಲುಗಾಟವಿಲ್ಲ, ನುಣ್ಣಗಿನ ಹಲಗೆ. ನಾಲ್ಕು ನಿಮಿಷ ಓಡತೊಡಗಿತು. ಎ ಒತ್ತಿದರೆ ಕಪಾಟಿಗೆ, ಬಿ ಒತ್ತಿದರೆ ರಿಯಾಯಿತಿಗೆ. ಉಳಿಯುವುದು ಸಿ ಮಾತ್ರ. ಅಕ್ಕನ ಮೇಜಿನ ಪಕ್ಕದಲ್ಲೇ ಗುಜರಿ ಮೂಲೆ, ಅಲ್ಲಿಗೆ ಹೋದದ್ದು ಎಂದೂ ಎಲ್ಲಿಗೂ ಹೋದದ್ದಿಲ್ಲ. ಗುಜರಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವ ವಿಭಾಗವನ್ನು ಕಂಪನಿ ಇನ್ನೂ ಶುರು ಮಾಡಿರಲಿಲ್ಲ. ಸಿ ಒತ್ತಿದರೆ ಸ್ಟೂಲು ಸಿಕ್ಕಂತೆಯೇ.

ಆದರೆ ಸ್ಟೂಲು ಸಿ ಅಲ್ಲ. ಯಾವ ದಿಕ್ಕಿನಿಂದ ನೋಡಿದರೂ ಎ. ಮಂಡಿ ಒಂದು ಹೇಳುತ್ತಿತ್ತು, ಮೂರು ವರ್ಷದ ಬೆರಳು ಇನ್ನೊಂದು ಹೇಳುತ್ತಿತ್ತು. ಎರಡು ನಿಮಿಷ ಹಾಗೇ ಕಳೆಯಿತು. ಮೂರನೇ ನಿಮಿಷಕ್ಕೆ ಅಕ್ಕ ಸೊಂಟದಿಂದ ಮನೆಯ ಬೀಗದ ಕೈ ತೆಗೆದಳು. ಹಲಗೆಯ ನಟ್ಟನಡುವೆ, ಉಸಿರು ಬಿಗಿಹಿಡಿದು, ಕರ್ರೆಂದು ಒಂದು ಗೀರು ಎಳೆದಳು. ಪಟ್ಟಿಯಿಟ್ಟು ಅಳೆದಳು. ಎರಡು ಇಂಚು ಮೀರಿದ ಗೀರಿದ್ದರೆ ಸಿ ಎಂಬುದು ನಿಯಮ, ಒಂದೂಮುಕ್ಕಾಲು ಇತ್ತು. ಮತ್ತೆ ಕಾಲಿಂಚು ಎಳೆದು, ಅದೂ ಸಾಲದೆಂದು ಇನ್ನೊಂದು ಕೂದಲಿನಷ್ಟು ಸೇರಿಸಿ, ನೆಮ್ಮದಿಯಿಂದ ಸಿ ಒತ್ತಿದಳು. ಸುಳ್ಳು ಬರೆದಂತಾಗಲಿಲ್ಲ.

ಸ್ಟೂಲನ್ನು ಗುಜರಿ ಮೂಲೆಗೆ ಎತ್ತಿಟ್ಟಳು. ಆಮೇಲೆ ಮೇಜನ್ನೇ ಒಂದು ಮೊಳ ಆ ಕಡೆ ಸರಿಸಿ, ಗುಜರಿಯ ಮೇಲೆ ಕೂತಳು.

ಮೇಲ್ವಿಚಾರಕನಿಗೆ ಎಲ್ಲರೂ ಗಡಿಯಾರ ಎಂದೇ ಅಡ್ಡಹೆಸರು ಇಟ್ಟಿದ್ದರು. ಅವನು ಹತ್ತು ನಿಮಿಷದೊಳಗೆ ಬಂದ. ವಿಭಾಗದಲ್ಲಿ ಕುರ್ಚಿ ಇರಬಾರದೆಂಬ ಆದೇಶ ನೆನಪಿಸಿದ.

“ಕುರ್ಚಿ ಎಲ್ಲಿದೆ? ಇದು ಗುಜರಿ. ಕಂಪ್ಯೂಟರಲ್ಲೇ ನೋಡ್ಕೋ,” ಎಂದಳು ಅಕ್ಕ.

ಅವನು ಕಂಪ್ಯೂಟರಿನಲ್ಲಿ ನೋಡಿದ. ಗುಜರಿ ಎಂದೇ ಇತ್ತು. ಗುಜರಿಯನ್ನು ಮುಟ್ಟಲು ತನಗೆ ಅಧಿಕಾರವಿಲ್ಲ, ಯಾರಿಗಿದೆ ಎಂದು ಯಾರಿಗೂ ತಿಳಿಯದು. ತಲೆ ಕೆರೆದುಕೊಂಡು ಮೇಲಕ್ಕೆ ಬರೆದ. ಮೇಲಿನವರು ಯೋಚಿಸುತ್ತೇವೆ ಎಂದರು. ಅವರು ಯೋಚಿಸುತ್ತಿದ್ದ ಹನ್ನೊಂದು ದಿನವೂ ಅಕ್ಕ ಕೂತೇ ಕೆಲಸ ಮಾಡಿದಳು. ಮಂಡಿ ಇಳಿಯಿತು. ಮಂಡಿ ಇಳಿದಂತೆ ಕೈ ಓಡಿತು. ಮೂರು ಮೇಜಿನಲ್ಲಿ ಅತಿ ಹೆಚ್ಚು ಮಾಲು ನೋಡಿದವಳು ಅಕ್ಕನೇ ಎಂದು ಗೋಡೆಯ ಪರದೆಯಲ್ಲಿ ಬಂತು.

ಅದೇ ಎಡವಟ್ಟಾಯಿತು. ಕಂಪನಿಗೆ ಬಂಡವಾಳ ಹಾಕುವವರು ಬರುವವರಿದ್ದರು. ಅವರಿಗೆ ತೋರಿಸಲು ‘ಇಲ್ಲಿ ಕೆಲಸ ಮಾಡುವವರು ಏನಂತಾರೆ’ ಎಂಬ ವಿಡಿಯೋ ಬೇಕಿತ್ತು. ಪರದೆಯಲ್ಲಿ ಮೊದಲು ಬಂದವರನ್ನೇ ಮಾತಾಡಿಸುವುದು ಎಂದಾಯಿತು. ಹನ್ನೆರಡನೇ ದಿನ ಬೆಳಿಗ್ಗೆ ಕ್ಯಾಮೆರಾದವನು, ಖುಷಿ ಹುಡುಗಿ, ಗಡಿಯಾರ, ಅವರ ಹಿಂದೆ ಸ್ಥಾಪಕ, ಎಲ್ಲರೂ ಮೂರನೇ ಮೇಜಿಗೆ ಬಂದಿಳಿದರು.

ಕೂತಿದ್ದರೆ ಉತ್ಸಾಹ ಕಾಣುವುದಿಲ್ಲ ಎಂದು ಕ್ಯಾಮೆರಾದವನು ರಾಗ ತೆಗೆದ. ಐದೇ ನಿಮಿಷ ನಿಂತುಬಿಡಿ ಅಕ್ಕ ಎಂದು ಹುಡುಗಿ ಗೋಗರೆದಳು. ಅಕ್ಕ ಕೈಯಲ್ಲಿದ್ದ ಬೂಟನ್ನು ಮಗುಚಿ ನೋಡುತ್ತಲೇ ಇದ್ದಳು. ಆಗ ಸ್ಥಾಪಕನೇ ಮುಂದೆ ಬಂದು, ತಾನು ದಿನಕ್ಕೆ ಎಷ್ಟು ಹೊತ್ತು ನಿಂತೇ ಯೋಚಿಸುತ್ತೇನೆ, ನಿಲ್ಲುವುದು ಹೇಗೆ ಒಂದು ಮನೋಭಾವ ಎಂಬುದನ್ನು ಸಾವಕಾಶವಾಗಿ ವಿವರಿಸಿದ. ಹೇಳುತ್ತ ಹೇಳುತ್ತ, ಪಾಪ, ಮೇಜಿನ ಅಂಚಿಗೆ ಒರಗಿದ. ಕೊನೆಗೆ ಅದರ ಮೇಲೆ ಅರ್ಧ ಕೂತೇಬಿಟ್ಟ. ಆಮೇಲೆ ಗಡಿಯಾರಕ್ಕೆ ಕಣ್ಸನ್ನೆ ಮಾಡಿದ. ಗಡಿಯಾರ ಬಗ್ಗಿ ಸ್ಟೂಲಿನ ಕಾಲಿಗೆ ಕೈ ಹಾಕಿದ.

ಅಕ್ಕ ಬೂಟು ಕೆಳಗಿಟ್ಟಳು.

“ಇದು ಹೋದ್ರೆ ಇದ್ರ ಜೊತೆ ನಾನೂ ಹೋಗ್ತೀನಿ ಮರಿ,” ಎಂದಳು. ದನಿ ಏರಿರಲಿಲ್ಲ. “ಮೂರು ತಿಂಗಳು ನಿಮ್ಮ ಮೊಬೈಲಿಗೆ ಬರ್ದೆ. ಅಂಗಿ ಕೊಟ್ರಿ, ಭಾಷಣ ಕೊಟ್ರಿ. ನಂಗೆ ಬೇಕಾಗಿದ್ದು ಕೂತ್ಕೊಳ್ಳೋಕೆ ಒಂದು ಹಲಗೆ. ಕೊಡಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಹನ್ನೆರಡರ ಬಸ್ ಹಿಡೀತೀನಿ.”

ಗಡಿಯಾರ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಸ್ಥಾಪಕ ಗೋಡೆಯ ಪರದೆಯ ಕಡೆ ನೋಡಿದ. ಅಲ್ಲಿ ಅಕ್ಕನ ಅಂಕಿ, ಅದರ ಅರ್ಧದಷ್ಟೇ ಇದ್ದ ಉಳಿದೆರಡು ಅಂಕಿ. ಬಂಡವಾಳದವರು ಬರುವುದು ನಾಡಿದ್ದು. ಕೂತು ಕೆಲಸ ಮಾಡುವುದನ್ನು ಒಂದು ಪ್ರಯೋಗವೆಂದು ತಾನೇ ಮೊದಲಿನಿಂದ ಅಂದುಕೊಂಡಿದ್ದೆ ಎಂಬಂಥ ಮಾತೊಂದನ್ನು ಆಡಿ, ಎದೆಯಿಂದ ಮೇಲಕ್ಕೆ ಮಾತ್ರ ಹಿಡಿ ಎಂದು ಕ್ಯಾಮೆರಾದವನಿಗೆ ಹೇಳಿದ. ಗಡಿಯಾರ ಕೈ ತೆಗೆದ. ನಾಳೆಯಿಂದ ಉಳಿದೆರಡು ಮೇಜಿಗೂ ಗುಜರಿ ಬೇಕಾಗುತ್ತದೆ ಎಂದು ಅಕ್ಕ ಅವನಿಗೆ ಮೆಲ್ಲಗೆ ಹೇಳಿಟ್ಟಳು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಖುಷಿ ಹುಡುಗಿ ಮುಖದ ತುಂಬ ನಗು ತಂದುಕೊಂಡು, ಕೈಯಲ್ಲಿದ್ದ ಚೀಟಿ ನೋಡಿ, ಮೇಲಿನವರು ಬರೆದುಕೊಟ್ಟ ಪ್ರಶ್ನೆ ಓದಿದಳು.

“ಅಕ್ಕ, ನೀವು ಇನ್ನೂ ಮೇಲೆ ಮೇಲೆ ಏರಬೇಕು ಅಂತ ನಮ್ಮೆಲ್ಲರ ಆಸೆ. ಇನ್ನೈದು ವರ್ಷಕ್ಕೆ ನೀವು ಎಲ್ಲಿರ್ತೀರಾ ಅಂತ ಕನಸು ಕಾಣ್ತೀರಾ?”

ಅಕ್ಕ ಇನ್ನೊಂದು ಪಾರ್ಸೆಲ್ಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಎಲ್ಲಿದ್ರೂ ಕೂತಿರ್ತೀನಿ.”