ಎಡ ಚಕ್ರದ ಸದ್ದು

ಬೆಳಿಗ್ಗೆ ಚಹಾಕ್ಕೆ ಹಾಲು ತೆಗೆಯಲು ಹೋದವಳು ಫ್ರಿಜ್ಜಿನ ಬಾಗಿಲು ಮುಚ್ಚಿ ಅಲ್ಲೇ ನಿಂತುಬಿಟ್ಟೆ. ಅದು ಹೂಂ ಎನ್ನುತ್ತಿತ್ತು. ಫ್ರಿಜ್ಜು ಹೂಂ ಎನ್ನದೆ ಇನ್ನೇನು ಸಂಗೀತ ಕಚೇರಿ ಮಾಡುತ್ತದೆಯೇ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಒಂದೇ ಸಮನೆ ಬರುವ ಯಾವ ಸದ್ದನ್ನೂ ನಾನೀಗ ಸುಮ್ಮನೆ ಬಿಡುವವಳಲ್ಲ. ಅಂಗೈಯನ್ನು ಅದರ ಮೈಗೆ ಒತ್ತಿ, ನಡುಕ ಎಂದಿನದೇ ಎಂದು ಖಾತ್ರಿಯಾದ ಮೇಲೆಯೇ ಹಾಲು ಒಲೆಗೇರಿತು. ಈ ಚಟ ನನಗೆ ಅಂಟಿದ್ದು ನಮ್ಮ ಕಾರಿನ ಚಕ್ರದಿಂದ, ಮತ್ತು ಪಪ್ಪನಿಂದ.

ಪಪ್ಪ ಗಲ್ಫಿನ ಬಸ್ ವರ್ಕ್‌ಶಾಪೊಂದರಲ್ಲಿ ಪ್ರಾಯ ಕಳೆದು ಎರ್ಮಾಳಿಗೆ ಮರಳಿದವರು. ಜಗಲಿಯಲ್ಲಿ ಕುಳಿತೇ, ರಸ್ತೆಯಲ್ಲಿ ಹೋಗುವ ಗಾಡಿಗಳ ಕಾಯಿಲೆ ಹೇಳುತ್ತಿದ್ದರು. ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. "ನೋಡು, ಬಲಕ್ಕೆ ತಿರುಗುವಾಗ ಸದ್ದು ಜೋರಾದರೆ ಎಡ ಚಕ್ರದ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಭಾರ ಬೀಳುವುದು ಆ ಕಡೆಗೆ ಅಲ್ವಾ?" ಎಂದಿದ್ದರು. ನಾನು ಮಧ್ಯಾಹ್ನದ ಮೀನಿನ ಯೋಚನೆಯಲ್ಲಿ ತಲೆಯಾಡಿಸಿದ್ದೆ.

ಇನ್ನು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕಾರು ಗೇಟು ದಾಟಿತೆಂದರೆ ತೆರ್ಸ್, ಅಂದರೆ ದೇವಮಾತೆಗೆ ಸಲ್ಲಿಸುವ ಜಪಮಾಲೆಯ ಪ್ರಾರ್ಥನೆ, ಶುರುವಾಗಲೇಬೇಕು. ಸ್ಟಿಯರಿಂಗ್ ಹಿಡಿದ ಪಪ್ಪ ಪ್ರತಿ ಮಣಿಯ ಮೊದಲರ್ಧ ಹೇಳುವುದು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತ ಮಮ್ಮಿ ಉಳಿದರ್ಧ ಹೇಳುವುದು. ನಾನು ಪಪ್ಪನ ಪಕ್ಕದಲ್ಲಿ ಕುಳಿತು ತುಟಿ ಮಾತ್ರ ಆಡಿಸುವುದು. ಆಗ ಮಮ್ಮಿಯ ಮೊಣಕಾಲಿನ ಆಪರೇಷನ್ ಆಗಿತ್ತು. ಫಿಸಿಯೊಥೆರಪಿಗೆಂದು ಪಪ್ಪ ಅವರನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲೇ ಲೈಬ್ರರಿಯಲ್ಲಿ ಕೆಲಸ ಮಾಡುವ ನಾನೂ ಜೊತೆಗೆ. ಆ ದಿನಗಳಲ್ಲಿ ಪಪ್ಪನಿಗೊಂದು ಅವಸರ ಹತ್ತಿಕೊಂಡಿತ್ತು. ಮಮ್ಮಿಯ ಅರ್ಧ ಮುಗಿಯುವ ಮೊದಲೇ ಮುಂದಿನ ಮಣಿ ಹಿಡಿಯುತ್ತಿದ್ದರು.

"ನಿಮಗೆ ಎಂತ ಅರ್ಜೆಂಟು ಮಾರಾಯ್ರೆ? ಮಾತೆ ಎಲ್ಲಿಗಾದರೂ ಓಡಿಹೋಗ್ತಾಳಾ?" ಎಂದು ಮಮ್ಮಿ ರೇಗಿದರೆ ನಾವೆಲ್ಲ ನಗುತ್ತಿದ್ದೆವು.

ಒಂದು ಭಾನುವಾರ ಕಾರ್ಕಳದ ಅಕ್ಕನ ಮನೆಗೆ ಹೊರಟೆವು. ಮಮ್ಮಿಗೆ ಗಂಟಲು ಕಟ್ಟಿತ್ತು, ಹಾಗಾಗಿ ತೆರ್ಸ್ ಇರಲಿಲ್ಲ. ಪಡುಬಿದ್ರಿ ದಾಟಿ ಬೆಳ್ಮಣ್ಣಿನ ಕಡೆ ಬರುವಾಗ, ಎಷ್ಟೋ ಕಾಲದ ಮೇಲೆ ಮೌನವಾಗಿದ್ದ ಆ ಕಾರಿನೊಳಗೆ ನನಗೊಂದು ಸದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ ಗ್ರೈಂಡರ್ ತಿರುಗಿದ ಹಾಗೆ, ಹೂಂ ಎಂದು. ಬಲದ ತಿರುವಿನಲ್ಲಿ ಏರಿತು. ಎಡದ ತಿರುವಿನಲ್ಲಿ ಇಳಿಯಿತು.

"ಪಪ್ಪಾ, ಸದ್ದು ಉಂಟಲ್ಲ?"

"ಎಂತ ಸದ್ದು?"

"ಹೂಂ ಅಂತ. ಬೇರಿಂಗ್ ಅಲ್ವಾ?"

ಪಪ್ಪ ಎಂದಿನಂತೆ ತಲೆ ವಾಲಿಸಿ ಆಲಿಸಿದರು. ಅಷ್ಟು ಹೊತ್ತೂ ಅದು ಕೂಗುತ್ತಲೇ ಇತ್ತು. "ಎಂತದೂ ಇಲ್ಲ. ನಿನ್ನದೊಂದು," ಎಂದು ನಕ್ಕರು.

ಹಿಂದಿರುಗಿ ನೋಡಿದೆ. ಮಮ್ಮಿ ಗಂಟಲಿಗೆ ಸುತ್ತಿದ್ದ ಶಾಲನ್ನು ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಕೇಳಿಸಿತ್ತು. ಪಪ್ಪನ ಜಪದ ಅವಸರದ ಅರ್ಥ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತೆಂದು ಕಾಣುತ್ತದೆ. ಹಿಂದಿನ ಸೀಟಿನ ದನಿ ಪಪ್ಪನ ಕಿವಿ ಮುಟ್ಟುತ್ತಲೇ ಇರಲಿಲ್ಲ. ಅಂದಾಜಿನಲ್ಲಿ ಜಪ ಮುಂದುವರಿಸುತ್ತಿದ್ದರು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಚಕ್ರ ಯಾವಾಗ ಅಲುಗಾಡುವುದೋ ಎಂಬ ಭಯ ಒಂದು. ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳದ ಮನುಷ್ಯ ಹೆದ್ದಾರಿಯಲ್ಲಿ ಮಮ್ಮಿಯನ್ನು ಕೂರಿಸಿಕೊಂಡು ಹೋಗುತ್ತಿದ್ದಾರೆಂಬ ಭಯ ಇನ್ನೊಂದು. ಮೊದಲನೆಯದಕ್ಕೆ ಗ್ಯಾರೇಜು ಉಂಟು. ಎರಡನೆಯದನ್ನು ಬಾಯಿಬಿಟ್ಟು ಹೇಳಿದರೆ ಪಪ್ಪನ ಬಳಿ ಏನು ಉಳಿಯುತ್ತದೆ? ನಾನು ಕಾಲಿನಲ್ಲಿ ಇಲ್ಲದ ಬ್ರೇಕು ಒತ್ತುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಕಾಟ ತಾಳಲಾರದೆ ಪಪ್ಪ ಟಯರ್ ಸವೆದಿರಬೇಕೆಂದು ಹಿಂದಿನ ಟಯರುಗಳನ್ನು ಮುಂದಕ್ಕೆ ಹಾಕಿಸಿದರು. ಸದ್ದು ಇದ್ದಲ್ಲೇ ಇತ್ತು. ಕೊನೆಗೆ ಕಾಪುವಿನ ಮೆಕ್ಯಾನಿಕ್ ಸದಾಶಿವರ ಬಳಿ ಹೋದೆವು.

ಸದಾಶಿವರು ಒಂದು ಸುತ್ತು ಓಡಿಸಿ ಬಂದರು. ಅವರಿಗೆ ತಿಳಿದುಹೋಗಿತ್ತು, ಆದರೆ ಹಿರಿಯರ ಎದುರು ಹೇಳಲು ಸಂಕೋಚ. "ಒಮ್ಮೆ ಎತ್ತಿ ನೋಡುವ ಅಲ್ವಾ?" ಎಂದು ಜಾಕ್ ಹಾಕಿದರು. ಎಡಗಡೆಯ ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸತೊಡಗಿದಾಗ ಪಪ್ಪ ಮುಂದೆ ಬಂದು, ಅಂಗಿಯ ತೋಳು ಮಡಚಿ, ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಕೆಟ್ಟ ಬೇರಿಂಗಿನ ಒರಟು ನಡುಕ ಸ್ಪ್ರಿಂಗಿಗೆ ಏರಿ ಬರುತ್ತದೆ, ಅದಕ್ಕೆ ಕಿವಿ ಬೇಡ.

"ಹೋಗಿದೆ," ಎಂದರು. ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ಸದ್ದು ಜೋರು ಉಂಟಾ?" ಎಂದು ಕೇಳಿದರು.

"ಉಂಟು ಪಪ್ಪಾ."

"ಮಮ್ಮಿಗೂ ಕೇಳ್ತದಾ?"

ತಲೆಯಾಡಿಸಿದೆ.

ಸದಾಶಿವರು ಚಕ್ರದ ನಡುವಿನ ಹಬ್ ಬಿಚ್ಚಿ, ಹಳೆಯ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸುವವರೆಗೂ ಪಪ್ಪ ಕದಲಲಿಲ್ಲ. ಚಕ್ರ ಮರಳಿ ಸೇರಿದ ಮೇಲೆ ಮತ್ತೊಮ್ಮೆ ಸ್ಪ್ರಿಂಗ್ ಮುಟ್ಟಿ ನೋಡಿ, "ಈಗ ನುಣ್ಣಗೆ ಉಂಟು," ಎಂದರು. ಕೈ ಒರೆಸಿಕೊಂಡು ಕೀ ನನ್ನತ್ತ ಚಾಚಿದರು. "ನೀನೇ ಕಾರು ಬಿಡು. ನನಗೆ ಕೇಳದ ಗಾಡಿಯನ್ನು ನಾನು ಓಡಿಸಬಾರದು." ಎರ್ಮಾಳಿನವರೆಗೂ ನನಗೆ ರಸ್ತೆ ಮಂಜುಮಂಜಾಗಿಯೇ ಕಂಡಿತು.

ಈಗ ಅವರಿಗೆ ಶ್ರವಣಯಂತ್ರ ಉಂಟು, ಹೆಚ್ಚಾಗಿ ಜೇಬಿನಲ್ಲಿ. "ಅದರಲ್ಲಿ ಗಾಳಿಯದ್ದೇ ಗಲಾಟೆ," ಎನ್ನುತ್ತಾರೆ. ತೆರ್ಸ್‌ಗೆ ಮಮ್ಮಿಯೇ ಉಪಾಯ ಹುಡುಕಿದರು. ತಮ್ಮ ಅರ್ಧ ಮುಗಿದಾಗ ಹಿಂದಿನಿಂದ ಪಪ್ಪನ ಭುಜ ಒತ್ತುತ್ತಾರೆ. ಪಪ್ಪ ಮುಂದಿನ ಮಣಿ ಹಿಡಿಯುತ್ತಾರೆ. ಮೊದಲಿನ ಅವಸರ ಇಲ್ಲ.

ಚಹಾ ಕುಡಿದು ಇವತ್ತೂ ಕಾರ್ಕಳಕ್ಕೆ ಹೊರಟೆವು. ನಾನು ಸ್ಟಿಯರಿಂಗ್ ಹಿಡಿದು, ಎಂದಿನಂತೆ ಒಂದು ಕಿವಿಯನ್ನು ಚಕ್ರಕ್ಕೆ ಕೊಟ್ಟು, ತುಟಿ ಆಡಿಸುತ್ತಿದ್ದೆ. ಬೆಳ್ಮಣ್ಣಿನ ಹತ್ತಿರ ಕಾರಿನೊಳಗೆ ಸದ್ದೇ ಇಲ್ಲವೆಂದು ಗಮನಕ್ಕೆ ಬಂತು. ಕನ್ನಡಿಯಲ್ಲಿ ನೋಡಿದರೆ ಮಮ್ಮಿಗೆ ನಿದ್ದೆ ಹತ್ತಿತ್ತು. ಪಕ್ಕದ ಸೀಟಿನಲ್ಲಿ ಪಪ್ಪ ತಮ್ಮ ಅರ್ಧ ಹೇಳಿ ಮುಗಿಸಿ, ಬೆರಳಲ್ಲಿ ಮಣಿ ಹಿಡಿದು, ರಸ್ತೆ ನೋಡುತ್ತ ಭುಜದ ಮೇಲೆ ಕೈ ಬೀಳುವುದನ್ನು ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

ಉಳಿದರ್ಧವನ್ನು ನಾನು ಹೇಳಿದೆ, ಈ ಸಲ ದನಿ ತೆಗೆದು. ಮುಗಿದಾಗ ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವರ ಮೊಣಕಾಲು ಒತ್ತಿದೆ. ಪಪ್ಪ ನನ್ನ ಕಡೆ ತಿರುಗಲಿಲ್ಲ. ಮುಂದಿನ ಮಣಿ ಹಿಡಿದು ಶುರುಮಾಡಿದರು.